ಅಜ್ಜನ ಚಸ್ಮಾ ಒಯ್ದ ಮಂಗ ನಮಗೇನಾಗಬೇಕು?

ಪ್ರಶ್ನೆ: ಸರ್, ನಮ್ಮದು ಇಳಕಲ್. ಮನೆಯಲ್ಲಿ ಎರಡು ಮಗ್ಗ ಇವೆ. ಮಾವನವರಿಗೆ 74 ವರ್ಷ, ಈಗಲೂ ದಿನಾ ನಾಲ್ಕು ತಾಸು ಮಗ್ಗದ ಕುಣಿಯಲ್ಲಿ ಕೂಡುತ್ತಾರೆ. ಮಗ ಪಿಯುಸಿ ಎರಡನೇ ವರ್ಷ, ನೀಟ್‌ಗೆ ಓದುತ್ತಿದ್ದಾನೆ. ಹೋದ ತಿಂಗಳು ಬನಶಂಕರಿಗೆ ಹೋದವರು ಹಾಗೇ ಬಾದಾಮಿ ಗುಹೆ ನೋಡಲು ಹೋದೆವು. ಮೆಟ್ಟಿಲ ಮೇಲೆ ಒಂದು ಮಂಗ ಮಾವನವರ ಚಸ್ಮಾ ಕಿತ್ತುಕೊಂಡು ಓಡಿತು. ಮಗ ನಗುತ್ತಾ, "ಬಿಡು ಅಜ್ಜಾ, ಹೊರಗಿನವರಲ್ಲ, ನಮ್ಮ ಕಾಕಾನ ಮಗನ ಒಯ್ದಾನ" ಅಂದ. ಅವತ್ತಿನಿಂದ ಮಾವನವರು ಅವನ ಜೊತೆ ಊಟಕ್ಕೆ ಕೂಡುತ್ತಿಲ್ಲ. "ಮನುಷ್ಯಾ ಮಂಗ್ಯಾನಿಂದ ಬಂದಿದ್ರ ಬಾದಾಮಿ ಮಂಗ್ಯಾ ಇನ್ನೂ ಯಾಕ ಮಂಗ್ಯಾನ ಐತಿ? ಯಾರು ಕಣ್ಣಾರೆ ನೋಡ್ಯಾರ? ಐವತ್ತು ವರ್ಷ ಸೀರಿ ನೇಯ್ದೇನಿ, ಒಂದ ಸೀರಿನೂ ತಾನಾಗೇ ನೇಯ್ಕೊಂಡಿಲ್ಲ. ಸೀರಿ ಐತಿ ಅಂದ್ರ ನೇಕಾರ ಇರಾಕ ಬೇಕು" ಅಂತಾರೆ. ಓಣಿಯ ಮಾಸ್ತರರೊಬ್ಬರು "ದಶಾವತಾರ ಅಂದರೇನೇ ಡಾರ್ವಿನ್, ಇಬ್ಬರದೂ ಸರಿ" ಎಂದು ರಾಜಿ ಮಾಡಲು ನೋಡಿದರು, ಇಬ್ಬರೂ ಒಪ್ಪಲಿಲ್ಲ. ಪರೀಕ್ಷೆಗೆ ಬರೆದು ಮನೆಯಲ್ಲಿ ಸುಮ್ಮನಿರು ಎಂದು ಮಗನಿಗೆ ಹೇಳಲೇ? ಇದನ್ನೆಲ್ಲ ಓದಿ ಅವನು ದೇವರನ್ನೇ ಬಿಟ್ಟರೆ? ನಿಜ ಯಾವುದು, ತಿಳಿಸಿ.

ಉತ್ತರ:

ತಂಗಿ, ಮೊದಲು ಚಸ್ಮಾದ ವಿಷಯ ಮುಗಿಸೋಣ. ಬಾದಾಮಿಯಲ್ಲಿ ನಾನು ಮೂರು ವರ್ಷ ಇದ್ದೆ. ಅಲ್ಲಿನ ಮಂಗಕ್ಕೆ ಚಸ್ಮಾ ಬೇಕಾಗಿರುವುದಿಲ್ಲ, ಅದನ್ನು ಒತ್ತೆ ಇಟ್ಟುಕೊಂಡು ವಸೂಲಿ ಮಾಡುವುದು ಬೇಕಾಗಿರುತ್ತದೆ. ಬೆನ್ನಟ್ಟಿದರೆ ಬಂಡೆ ಏರುತ್ತದೆ. ಸುಮ್ನೆ ನಿಂತು ಒಂದು ಬಾಳೆಹಣ್ಣು ಒಗೆದರೆ ಹಣ್ಣು ಹಿಡಿಯುವ ಭರದಲ್ಲಿ ಚಸ್ಮಾ ಬಿಡುತ್ತದೆ. ಹೀಗೆ ಹಣ್ಣು ಕೊಟ್ಟು ಕೊಟ್ಟೇ ನಾವು ಅವಕ್ಕೆ ಈ ದಂಧೆ ಕಲಿಸಿದ್ದೇವೆ, ಆ ಮಾತು ಬೇರೆ.

ನಾನು ದನದ ಡಾಕ್ಟರ್. ಹುನಗುಂದ, ಬಾದಾಮಿ, ಮುಧೋಳ ಅಂತ ಸರ್ಕಾರಿ ನೌಕರಿಯಲ್ಲಿ 31 ವರ್ಷ ತಿರುಗಿದೆ. ಮಂದಿ ಡಾಕ್ಟರು ಹುಟ್ಟಿನಿಂದ ನಿವೃತ್ತಿಯವರೆಗೆ ಒಂದೇ ಜಾತಿಯ ಪ್ರಾಣಿ ನೋಡುತ್ತಾರೆ. ನಮಗೆ ಹಾಗಲ್ಲ. ಮುಂಜಾನೆ ಎಮ್ಮೆ, ಹತ್ತಕ್ಕೆ ಆಡು, ಮಧ್ಯಾಹ್ನ ನಾಯಿ, ಸಂಜೆ ಯಾರದೋ ಕತ್ತೆ. ಎಲ್ಲವನ್ನೂ ಕೊಯ್ದು ಹೊಲಿಯುತ್ತೇವೆ. ಎಮ್ಮೆಯ ಕುತ್ತಿಗೆಯಲ್ಲಿ ಏಳು ಎಲುಬು. ಆಡಿಗೂ ಏಳು, ನಾಯಿಗೂ ಏಳು, ಜಿರಾಫೆಗೂ ಏಳು, ನಿಮ್ಮ ಮಾವನವರಿಗೂ ಏಳು. ವಿಕಾಸವಾದ ಪುಸ್ತಕದಲ್ಲಿ ಓದಿ ನಂಬುವುದಕ್ಕಿಂತ ಮೊದಲೇ ನಮ್ಮ ಕೈಗೆ ಅದು ಗೊತ್ತಾಗಿಬಿಟ್ಟಿರುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಗಂಟು ಬಿದ್ದಿವೆ. ಹಳೇ ಒಂದೇ ಮೂಲದಿಂದ ಜೀವಿಗಳು ತಲೆಮಾರುಗಟ್ಟಲೆ ಬದಲಾಗುತ್ತ ಕವಲೊಡೆದವು ಎಂದು ಡಾರ್ವಿನ್ ಹೇಳಿದ್ದು ನಿಜವೇ ಎಂಬುದು ಒಂದು. ಮನೆಯಲ್ಲಿ ಅಜ್ಜ ಮೊಮ್ಮಗ ಒಂದೇ ಪಂಕ್ತಿಯಲ್ಲಿ ಮತ್ತೆ ಊಟಕ್ಕೆ ಕೂಡುವುದು ಯಾವಾಗ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಹೌದು, ನಿಜ. ಎರಡನೆಯದಕ್ಕೆ ಬರುತ್ತೇನೆ, ಸ್ವಲ್ಪ ತಡೆಯಿರಿ.

ಮಂಗನ ಲೆಕ್ಕ ನೋಡೋಣ. ಇಲ್ಲಿ ಅಜ್ಜನದೂ ತಪ್ಪು, ಮೊಮ್ಮಗನದೂ ತಪ್ಪು. ಇವತ್ತಿನ ಮಂಗದಿಂದ ಇವತ್ತಿನ ಮನುಷ್ಯ ಬಂದ ಎಂದು ಡಾರ್ವಿನ್ ಹೇಳಲೇ ಇಲ್ಲ. ಇಬ್ಬರಿಗೂ ಒಬ್ಬನೇ ಹಳೇ ಮೂಲಪುರುಷ, ಕವಲು ಬೇರೆ ಬೇರೆ. ಬಾದಾಮಿ ಮಂಗದ ಕವಲು, ನಮ್ಮ ಕವಲು ಬೇರೆಯಾಗಿ ಎರಡೂವರೆ ಕೋಟಿ ವರ್ಷದ ಮೇಲಾಯಿತು. ಕಾಕಾನ ಮಗ ಅನ್ನಿಸಿಕೊಳ್ಳುವಷ್ಟು ಹತ್ತಿರದವನು ಆಫ್ರಿಕಾದ ಚಿಂಪಾಂಜಿ. ಅವನಿಂದ ಬೇರೆಯಾಗಿ ಸುಮಾರು 60-70 ಲಕ್ಷ ವರ್ಷ. ಬಾದಾಮಿಯದ್ದು ಬರೀ ದೂರದ ಅಣ್ತಮ್ಮಕಿ. ಮದುವೆ ಪತ್ರಿಕೆ ಕೊಡುವಷ್ಟೂ ಹತ್ತಿರವಲ್ಲ.

ಇನ್ನೂ ಯಾಕೆ ಮಂಗವಾಗಿಯೇ ಇದೆ ಅಂದರೆ, ಒಂದು ಮಾತು ನೀವೇ ಹೇಳಿ. ನಿಮ್ಮ ಓಣಿಯಿಂದ ಇಚಲಕರಂಜಿಗೋ ಸೊಲ್ಲಾಪುರಕ್ಕೋ ಹೋಗಿ ಪವರ್‌ಲೂಮ್ ಹಾಕಿಕೊಂಡ ಮನೆತನ ಇರಬೇಕಲ್ಲ? ಅವರು ಅಲ್ಲಿ ಹೋಗಿ ಬದಲಾದರು ಅಂತ ಇಳಕಲ್‌ನ ಕೈಮಗ್ಗ ಮಾಯವಾಯಿತೇ? ಅವರಿಗೆ ಅಲ್ಲಿ ಅದು ನಡೆಯಿತು, ನಿಮಗೆ ಇಲ್ಲಿ ಇದು ನಡೆಯಿತು. ಇನ್ನೂ ಸರಳ ಬೇಕಾದರೆ ನಾಯಿ ನೋಡಿ. ಲೋಕದ ಎಲ್ಲ ನಾಯಿಗಳೂ ತೋಳದ ವಂಶ, ಕನಿಷ್ಠ 15 ಸಾವಿರ ವರ್ಷದ ಹಿಂದೆ ಬೇರೆಯಾದವು. ತೋಳ ಇನ್ನೂ ಇದೆಯೋ ಇಲ್ಲವೋ ಎಂದು ನಮ್ಮ ಕುರಿಗಾರರನ್ನು ಕೇಳಿ. ರಾತ್ರಿ ಹಟ್ಟಿಯ ಸುತ್ತ ನಾಯಿ ಕಟ್ಟುವುದು ತೋಳದ ಭಯಕ್ಕೇ. ಅಣ್ಣ ಕದಿಯಲು ಬರುತ್ತಾನೆ, ತಮ್ಮ ಕಾಯುತ್ತಾನೆ.

ಈಗ ಸೀರೆ. ನಿಮ್ಮ ಮಾವನವರ ವಾದ ಗಟ್ಟಿಯಾದದ್ದು. ಇದೇ ವಾದವನ್ನು ಇಂಗ್ಲೆಂಡಿನಲ್ಲಿ ವಿಲಿಯಂ ಪೇಲಿ ಎಂಬ ಪಾದ್ರಿ 1802ರಲ್ಲಿ ಗಡಿಯಾರ ಇಟ್ಟುಕೊಂಡು ಮಾಡಿದ. ಹೊಲದಲ್ಲಿ ಗಡಿಯಾರ ಬಿದ್ದಿದ್ದರೆ ಮಾಡಿದವನೊಬ್ಬ ಇರಲೇಬೇಕು, ಹಾಗೇ ಕಣ್ಣು ಇದ್ದರೆ ಕಣ್ಣು ಮಾಡಿದವನೂ ಇರಬೇಕು ಅಂತ. ಡಾರ್ವಿನ್ ಕೂಡ ಕಾಲೇಜಿನಲ್ಲಿ ಪೇಲಿಯನ್ನು ಓದಿ ಮೆಚ್ಚಿಕೊಂಡಿದ್ದವನೇ. ಹಾಗಾಗಿ ಮಾವನವರನ್ನು ಹಳೇ ಕಾಲದವರು ಎಂದು ತಳ್ಳಿಹಾಕಬೇಡಿ ಅಂತ ಮಗನಿಗೆ ಹೇಳಿ.

ಆದರೆ ಸೀರೆಗೂ ಆಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸೀರೆ ಮರಿ ಹಾಕುವುದಿಲ್ಲ. ಟ್ರಂಕಿನಲ್ಲಿ ಎರಡು ಸೀರೆ ಮಡಚಿಟ್ಟು ದೀಪಾವಳಿಗೆ ತೆಗೆದರೆ ಮೂರು ಇರುವುದಿಲ್ಲ. (ಇದ್ದರೆ ನನಗೂ ತಿಳಿಸಿ.) ಆಡು ಹಾಕುತ್ತದೆ. ಮರಿ ತಾಯಿಯ ಹಾಗೇ ಇರುತ್ತದೆ, ಆದರೆ ಪೂರ್ತಿ ತಾಯಿಯ ಹಾಗೇ ಅಲ್ಲ. ನಿಮ್ಮ ಮನೆಯ ಭಾಷೆಯಲ್ಲಿ ಹೇಳಬೇಕೆಂದರೆ, ದಡಿಯ ವಿನ್ಯಾಸ ಇರುವ ಪಂಚ್ ಕಾರ್ಡನ್ನು ನೋಡಿ ಇನ್ನೊಂದು ಕಾರ್ಡು ಮಾಡುವಾಗ ಅಲ್ಲೊಂದು ತೂತು, ಇಲ್ಲೊಂದು ತೂತು ತಪ್ಪುತ್ತದಲ್ಲ, ಹಾಗೆ. ಮನುಷ್ಯರ ಕಾರ್ಡಿನಲ್ಲಿ, ಅಂದರೆ ಅಪ್ಪ-ಅವ್ವನಿಂದ ಬರುವ ಡಿಎನ್‌ಎಯಲ್ಲಿ, ಸುಮಾರು 300 ಕೋಟಿ ಅಕ್ಷರ ಇವೆ. ಪ್ರತಿ ಕೂಸಿಗೂ ಅಪ್ಪ-ಅವ್ವನಲ್ಲಿ ಇಲ್ಲದ 60-70 ಹೊಸ ತಪ್ಪು ಬರುತ್ತವೆ. ಬಹಳಷ್ಟು ತಪ್ಪಿನಿಂದ ಏನೂ ಆಗುವುದಿಲ್ಲ. ಕೆಲವು ಕೆಡಿಸುತ್ತವೆ. ಅಪರೂಪಕ್ಕೆ ಒಂದು ಉಪಯೋಗಕ್ಕೆ ಬರುತ್ತದೆ. ಆ ಮರಿ ಬದುಕಿ ಜಾಸ್ತಿ ಮರಿ ಹಾಕಿದರೆ ಆ ತಪ್ಪೇ ಮುಂದಿನ ಪೀಳಿಗೆಗೆ ವಿನ್ಯಾಸ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ, ಮುಧೋಳ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ. ಉದ್ದ ಕಾಲು, ಬಗ್ಗಿದ ಬೆನ್ನು, ಒಳಗೆ ಸೇರಿದ ಹೊಟ್ಟೆ. ಮೊಲದ ಹಿಂದೆ ಓಡುವುದಕ್ಕೆಂದೇ ತಲೆಮಾರುಗಟ್ಟಲೆ ಜೋರಾಗಿ ಓಡುವ ಗಂಡಿಗೆ ಜೋರಾಗಿ ಓಡುವ ಹೆಣ್ಣು ಕೂಡಿಸಿ ಕೂಡಿಸಿ ಆದ ತಳಿ. ಮುಧೋಳದ ಘೋರ್ಪಡೆ ರಾಜರು ಅದನ್ನು ಪ್ರೀತಿಯಿಂದ ಬೆಳೆಸಿದರು. ಡಾರ್ವಿನ್ ಕೂಡ 1859ರ ತನ್ನ ದೊಡ್ಡ ಪುಸ್ತಕವನ್ನು ಶುರು ಮಾಡಿದ್ದು ಕಾಡಿನ ಪ್ರಾಣಿಯಿಂದಲ್ಲ. ಮನೆಯಲ್ಲಿ ಸಾಕುವ ಪಾರಿವಾಳ, ದನ, ನಾಯಿಗಳಿಂದ.

ಇಲ್ಲಿ ಮಾವನವರು ನನ್ನನ್ನು ಹಿಡಿಯುತ್ತಾರೆ ಎಂದು ಗೊತ್ತು. "ನೋಡ್ರಿ, ಅಲ್ಲಿ ರಾಜಾ ಆರಿಸಿದ. ಅಡವ್ಯಾಗ ಆರಿಸಿದವರು ಯಾರು?" ಅಂತಾರೆ. ಒಳ್ಳೇ ಪ್ರಶ್ನೆ. ಅದಕ್ಕೆ ಉತ್ತರವಾಗಿ ನನ್ನದೇ ಒಂದು ಫಜೀತಿ ಹೇಳುತ್ತೇನೆ.

ಹುನಗುಂದ ಕಡೆ ಒಬ್ಬ ಕುರಿಗಾರನ ಹತ್ತಿರ ನೂರಿಪ್ಪತ್ತು ಕುರಿ ಇದ್ದವು. ಮಳೆಗಾಲ ಬಂತೆಂದರೆ ಜಂತಿನ ಕಾಟ. ಹೊಟ್ಟೆಯೊಳಗೆ ದಾರದಂಥ ಹುಳ ಕಚ್ಚಿಕೊಂಡು ರಕ್ತ ಹೀರುತ್ತದೆ. ಕುರಿಯ ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಬೆಳ್ಳಗೆ, ದವಡೆ ಕೆಳಗೆ ನೀರು ತುಂಬಿ ಜೋತಾಡುತ್ತದೆ. ನಾನು ಅಲ್ಬೆಂಡಜೋಲ್ ಬರೆದುಕೊಟ್ಟೆ. ಮೊದಲೆರಡು ವರ್ಷ ಔಷಧಿ ಕುಡಿಸಿದ ವಾರದಲ್ಲಿ ಕುರಿ ಮೇಯಲು ಶುರು ಮಾಡುತ್ತಿದ್ದವು. ಅದೇ ಔಷಧಿ, ವರ್ಷಕ್ಕೆ ನಾಲ್ಕು ಸಲ, ಎಲ್ಲ ಕುರಿಗೂ. ಐದನೇ ವರ್ಷ ಕುಡಿಸಿದರೂ ಕುರಿ ಸತ್ತವು. "ನೀ ಔಷಧಿ ಅರ್ಧಕ್ಕರ್ಧ ನೀರು ಹಾಕಿ ಕುಡಿಸಿರಬೇಕು" ಎಂದು ಅವನನ್ನೇ ಬೈದೆ. ಅವನು ಪಾಪ ಏನೂ ಮಾತಾಡಲಿಲ್ಲ. ಮುಂದಿನ ಸಲ ನಾನೇ ನಿಂತು, ನನ್ನ ಕೈಯಾರೆ ಕುಡಿಸಿದೆ. ಹತ್ತು ದಿನ ಬಿಟ್ಟು ಹಿಕ್ಕೆ ತಂದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ, ಮೊಟ್ಟೆಗಳು ಮೊದಲಿನಷ್ಟೇ ಇದ್ದವು.

"ಹುಳಕ್ಕೆ ಔಷಧಿ ರೂಢಿ ಆಗೇತ್ರಿ" ಎಂದು ಎಲ್ಲರೂ ಹೇಳುತ್ತಾರೆ. ಈ ಮಾತು ತಪ್ಪು. ಒಂದೇ ಒಂದು ಹುಳಕ್ಕೂ ಅದು ರೂಢಿಯಾಗಲಿಲ್ಲ. ಲಕ್ಷಗಟ್ಟಲೆ ಹುಳಗಳಲ್ಲಿ ಐದೋ ಹತ್ತೋ ಹುಳಕ್ಕೆ, ಆ ಕಾರ್ಡಿನ ತೂತು ತಪ್ಪಿದ ಕಾರಣಕ್ಕೆ, ಔಷಧಿ ತಾಗುತ್ತಿರಲಿಲ್ಲ. ನಾನು ಕುಡಿಸುವ ಮೊದಲೇ ಅವು ಹಾಗಿದ್ದವು. ಉಳಿದವನ್ನು ನಾನು ಕೊಂದೆ. ಹೊಟ್ಟೆಯೊಳಗೆ ಜಾಗ ಖಾಲಿಯಾಯಿತು. ಉಳಿದ ಹೆಣ್ಣು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಟ್ಟಿತು. ಐದು ವರ್ಷದಲ್ಲಿ ಹಟ್ಟಿ ತುಂಬ ಅದರದ್ದೇ ಸಂತಾನ.

ಆರಿಸಿದವರು ಯಾರು ಅಂದರೆ ನಾನೇ! ಬೇಕೆಂದು ಆರಿಸಿದೆನೇ? ಇಲ್ಲ. ನನಗೆ ಬೇಕಾಗಿದ್ದು ಇದರ ತದ್ವಿರುದ್ಧ. ಹುಳಕ್ಕೆ ಅದು ಬೇಕಾಗಿತ್ತೇ? ಹುಳಕ್ಕೆ ಯಾವ ಬೇಕು ಬೇಡವೂ ಇಲ್ಲ. ಯಾರೂ ಬಯಸದೆ, ಯಾರೂ ನೇಯದೆ, ನಮ್ಮ ಕಣ್ಣೆದುರೇ ಔಷಧಿಗೆ ಬಗ್ಗದ ಹೊಸ ಹುಳ ತಯಾರಾಯಿತು. ಅಡವಿಯಲ್ಲಿ ನನ್ನ ಔಷಧಿಯ ಜಾಗದಲ್ಲಿ ಬರ, ಚಳಿ, ರೋಗ, ತೋಳ ಇರುತ್ತವೆ. ಅಷ್ಟೇ ವ್ಯತ್ಯಾಸ. ಯಾರು ಕಣ್ಣಾರೆ ನೋಡಿದ್ದಾರೆ ಎಂಬ ಎರಡನೇ ಪ್ರಶ್ನೆಗೂ ಇದೇ ಉತ್ತರ. ನಾನು ನೋಡಿದ್ದೇನೆ. ಬೈಸಿಕೊಂಡ ಕುರಿಗಾರ ನನಗಿಂತ ಮೊದಲು ನೋಡಿದ್ದ. ಹುಳ ಹುಳವಾಗಿಯೇ ಉಳಿಯಿತಲ್ಲ ಎಂದು ಮಾವನವರು ಕೇಳಬಹುದು. ಹೌದು, ಇದು ಐದು ವರ್ಷದ ಮಾತು. ಕೋಟಿ ವರ್ಷದ ಮಾತು ಮುಂದೆ ಬರುತ್ತದೆ.

ಹತ್ತಿ ಬೆಳೆಯುವವರು ಇನ್ನೂ ದೊಡ್ಡದಾಗಿ ನೋಡಿದ್ದಾರೆ. 2002ರಲ್ಲಿ ಕಾಯಿಕೊರಕ ಹುಳವನ್ನು ಕೊಲ್ಲುವ ವಿಷ ಗಿಡದೊಳಗೇ ಇರುವ ಬಿಟಿ ಹತ್ತಿ ಬಂತು, 2006ರಲ್ಲಿ ಎರಡನೇ ಬಗೆಯದ್ದು. ಬೀಜದ ಜೊತೆಗೆ ಒಂದು ಸಣ್ಣ ಪೊಟ್ಟಣ ಕೊಡುತ್ತಿದ್ದರು, ಹೊಲದ ಸುತ್ತ ಬಿಟಿ ಅಲ್ಲದ ಸಾದಾ ಹತ್ತಿ ಬಿತ್ತಿರಿ ಅಂತ. ಯಾರು ಬಿತ್ತಿದರು? "ಹುಳಕ್ಕ ಯಾಕ ಊಟಾ ಹಾಕೂದು" ಎಂದು ಬಹಳ ಮಂದಿ ಬದುವಿಗೆ ಒಗೆದರು. ಆ ಸಾದಾ ಹತ್ತಿ ಇದ್ದದ್ದೇ ಬಗ್ಗುವ ಹುಳವನ್ನು ಉಳಿಸಿಕೊಳ್ಳಲು. ಬಗ್ಗದ ಹುಳ ಅದರ ಜೊತೆ ಕೂಡಿದರೆ ಮರಿ ಬಗ್ಗುವಂಥದ್ದಾಗುತ್ತದೆ ಎಂಬ ಲೆಕ್ಕ. ಪೊಟ್ಟಣ ಬದುವಿಗೆ ಬಿತ್ತು, ಗುಲಾಬಿ ಕಾಯಿಕೊರಕ ಗೆದ್ದಿತು. ಅದೇ ಲೆಕ್ಕದ ಮೇಲೆ ಈಗ ಕುರಿಗಾರರಿಗೂ ಹೇಳುತ್ತೇವೆ: ಎಲ್ಲ ಕುರಿಗೂ ಔಷಧಿ ಕುಡಿಸಬೇಡಿ, ರೆಪ್ಪೆ ಬಿಳಿಚಿದವಕ್ಕೆ ಮಾತ್ರ ಕುಡಿಸಿ, ತೂಕ ಹಾಕಿ ಪೂರ್ತಿ ಅಳತೆ ಕೊಡಿ. ಡಾರ್ವಿನ್ನನ್ನು ನಂಬದ ಕುರಿಗಾರನೂ ಈ ಸಲಹೆ ಪಾಲಿಸಿದರೆ ಅವನ ಕುರಿ ಉಳಿಯುತ್ತವೆ.

ಸರಿ, ನೇಕಾರನ ವಾದಕ್ಕೆ ಇನ್ನೊಂದು ಕಡೆಯಿಂದಲೂ ಬರೋಣ. ನಿಮ್ಮ ಮಾವನವರು ಸೀರೆ ನೇಯುವಾಗ ಹೊಸ ಹಾಸು, ಹೊಸ ಹೊಕ್ಕು ತೆಗೆದುಕೊಳ್ಳುತ್ತಾರೆ. ಎಳೆ ಎಲ್ಲಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ನಾನು ಕೊಯ್ದು ನೋಡಿದ ಮೈಗಳು ಹಾಗಿಲ್ಲ. ಅವು ಕೌದಿಯ ಹಾಗಿವೆ. ನಿಮ್ಮ ಅತ್ತೆಯವರು ಹೊಲಿದ ಕೌದಿ ಮನೆಯಲ್ಲಿ ಇದ್ದೇ ಇರುತ್ತದೆ. ಅಲ್ಲಿ ಹಳೇ ಸೀರೆಯ ಸೆರಗು, ಇಲ್ಲಿ ಹರಿದ ಅಂಗಿಯ ಜೇಬು, ಮಧ್ಯೆ ಯಾರದೋ ಕುಬಸದ ತೋಳು. ಚಳಿಗೆ ಬೆಚ್ಚಗೆ ಇರುತ್ತದೆ, ಒಪ್ಪಿಕೊಳ್ಳೋಣ. ಆದರೆ ಹೊದ್ದುಕೊಳ್ಳುವುದಕ್ಕೆಂದೇ ಹೊಸದಾಗಿ ನೇಯ್ದಿದ್ದರೆ ಅದರಲ್ಲಿ ಜೇಬು ಯಾಕೆ ಇರುತ್ತಿತ್ತು? (ಕೌದಿಗೂ ಹೊಲಿಯುವವರು ಬೇಕಲ್ಲ ಎಂದು ಮಾವನವರು ಕೇಳುತ್ತಾರೆ. ಕೇಳಲಿ. ಹೋಲಿಕೆ ಅಂದಮೇಲೆ ಅದು ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ.)

ಮೈಯೊಳಗೆ ಅಂಥ ಜೇಬು ಎಷ್ಟು ಬೇಕು? ಆಡಿನ ಬಾಯಿ ಎತ್ತಿ ನೋಡಿ. ಮೇಲೆ ಮುಂದಿನ ಹಲ್ಲಿಲ್ಲ, ಬರೀ ಗಟ್ಟಿ ವಸಡು. ಆದರೆ ಹೊಟ್ಟೆಯಲ್ಲಿರುವ ಕುರಿಮರಿಯ ಮೇಲ್ದವಡೆಯಲ್ಲಿ ಆ ಹಲ್ಲಿನ ಮೊಳಕೆ ಶುರುವಾಗಿ, ಹೊರಗೆ ಬರದೆ ಅಲ್ಲೇ ಕರಗಿಹೋಗುತ್ತದೆ. ಬೇಡದ ಹಲ್ಲನ್ನು ಶುರು ಮಾಡುವುದೇಕೆ, ಅಳಿಸುವುದೇಕೆ? ಹಳೇ ಬಟ್ಟೆ, ಅದಕ್ಕೆ.

ನನ್ನ ಮನಸ್ಸಿನಿಂದ ಹೋಗದೇ ಇರುವುದು ಒಂದು ನರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷ, ಎಮ್ಮೆಗರುವಿನ ಕುತ್ತಿಗೆ ಬಿಡಿಸುತ್ತಿದ್ದೆವು. ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆ ನರ ಹುಡುಕುವುದು ನನ್ನ ಪಾಲಿಗೆ ಬಂತು. ಮಿದುಳಿನಿಂದ ಹೊರಡುತ್ತದೆ, ಧ್ವನಿಪೆಟ್ಟಿಗೆ ಅಲ್ಲೇ ಹತ್ತಿರ, ಎರಡು ನಿಮಿಷದ ಕೆಲಸ ಅಂದುಕೊಂಡೆ. ನರ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದು ಕೆಳಗೆ ಇಳಿಯಿತು. ಬೇರೆ ನರ ಹಿಡಿದಿದ್ದೇನೆ ಎಂದು ಗಾಬರಿಯಾಯಿತು. ನಮ್ಮ ಮೇಷ್ಟ್ರು "ಬಿಡಬೇಡ, ಹಿಡ್ಕೊಂಡು ಹೋಗು" ಅಂದರು. ಕುತ್ತಿಗೆ ಮುಗಿಯಿತು, ಎದೆಯೊಳಗೆ ಹೋಯಿತು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಕೆಳಗೆ ನುಸುಳಿ ಸುತ್ತು ಹಾಕಿತು, ಮತ್ತೆ ಕುತ್ತಿಗೆ ಏರಿ ಧ್ವನಿಪೆಟ್ಟಿಗೆಗೆ ಬಂತು. ಇಳಕಲ್‌ನಿಂದ ಹುನಗುಂದಕ್ಕೆ ಹೋಗಬೇಕಾದವನು ಸೊಲ್ಲಾಪುರ ಬಸ್ಸು ಹತ್ತಿ, ಹುನಗುಂದ ಬಂದಾಗ ಇಳಿಯದೆ, ಸೊಲ್ಲಾಪುರ ಮುಟ್ಟಿ, ವಾಪಸ್ ಬಸ್ಸಿನಲ್ಲಿ ಹುನಗುಂದಕ್ಕೆ ಬಂದ ಹಾಗೆ.

ಯಾಕೆ ಹೀಗೆ? ಮೀನಿಗೆ ಕುತ್ತಿಗೆ ಇಲ್ಲ. ಮೀನಿನಲ್ಲಿ ಆ ನರ ಹೃದಯದ ಹತ್ತಿರದ ರಕ್ತನಾಳದ ಹಿಂದಿನಿಂದ ಕಿವಿರಿಗೆ ನೆಟ್ಟಗೆ ಹೋಗುತ್ತದೆ. ಮೀನಿನ ವಂಶದಲ್ಲಿ ಮುಂದೆ ಹುಟ್ಟಿದವಕ್ಕೆ ಕುತ್ತಿಗೆ ಉದ್ದವಾಯಿತು, ಹೃದಯ ಕೆಳಗೆ ಸರಿಯಿತು. ರಕ್ತನಾಳಕ್ಕೆ ಕೊಕ್ಕೆ ಹಾಕಿಕೊಂಡಿದ್ದ ನರ ಬಿಡಿಸಿಕೊಳ್ಳಲಾಗದೆ ಅದರ ಜೊತೆಗೇ ಎಳೆದುಕೊಂಡು ಹೋಯಿತು. ಹರಿದು ಹೊಸದಾಗಿ ಜೋಡಿಸುವ ಸೌಲಭ್ಯ ಇಲ್ಲಿ ಇಲ್ಲ, ನಡೆಯುವ ಮಗ್ಗದಲ್ಲೇ ತಿದ್ದಬೇಕು. ಜಿರಾಫೆಯಲ್ಲಿ ಈ ಸುತ್ತು ನಾಲ್ಕು ಮೀಟರಿಗೂ ಜಾಸ್ತಿ. ಕುದುರೆಯಲ್ಲಿ ಈ ಉದ್ದ ನರ ಕೆಟ್ಟು, ಓಡುವಾಗ ಗಂಟಲು ಗೊರ್ ಅನ್ನುವ ರೋಗ ಬರುತ್ತದೆ. ನಮಗೂ ಇದೆ. ಥೈರಾಯ್ಡ್ ಆಪರೇಷನ್ ಮಾಡುವ ಡಾಕ್ಟರು ಇದೇ ನರವನ್ನು ಜೋಪಾನ ಮಾಡುತ್ತಾರೆ, ತಪ್ಪಿ ತಾಗಿದರೆ ದನಿ ಒಡೆಯುತ್ತದೆ.

ಇನ್ನೊಂದು, ನಿಂಬೆಹಣ್ಣು. ಆಡಿಗೆ ವಿಟಮಿನ್ ಸಿ ಹೊರಗಿನಿಂದ ಬೇಕಿಲ್ಲ, ಲಿವರಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ನಾಯಿ, ಎಮ್ಮೆಯೂ ಹಾಗೇ. ನಮಗೆ ಆಗುವುದಿಲ್ಲ. ತಮಾಷೆ ಏನೆಂದರೆ, ಅದನ್ನು ತಯಾರಿಸುವ ಜೀನ್ (ಆ ಕಾರ್ಡಿನ ಒಂದು ತುಂಡು) ನಮ್ಮಲ್ಲೂ ಇದೆ, ಆದರೆ ಮುರಿದು ಬಿದ್ದಿದೆ. ಚಿಂಪಾಂಜಿಯಲ್ಲೂ ಬಾದಾಮಿ ಮಂಗನಲ್ಲೂ ಮುರಿದಿದೆ. ಗಿನಿಪಿಗ್‌ನಲ್ಲೂ ಮುರಿದಿದೆ, ಆದರೆ ಅದು ಮುರಿದ ರೀತಿ ಬೇರೆ. ಇಬ್ಬರು ಹುಡುಗರ ಉತ್ತರ ಸರಿಯಾಗಿದ್ದರೆ ಇಬ್ಬರೂ ಓದಿದ್ದಾರೆ ಎನ್ನಬಹುದು. ಇಬ್ಬರದೂ ಒಂದೇ ಕಡೆ ಒಂದೇ ತಪ್ಪು ಇದ್ದರೆ? ಪೇಪರ್ ತಿದ್ದುವ ಯಾವ ಮಾಸ್ತರರನ್ನಾದರೂ ಕೇಳಿ. ಇಂಡಿ ನಿಂಬೆ ನಮಗೆ ಇಷ್ಟು ಬೇಕಾಗಿರುವುದಕ್ಕೆ ಆ ಹಳೇ ತಪ್ಪೂ ಒಂದು ಕಾರಣ. ನೀಟ್ ಓದುವ ಮಗನಿಗೆ ಇನ್ನೊಂದು: ಚಿಂಪಾಂಜಿಗೆ 48 ವರ್ಣತಂತು (ಡಿಎನ್‌ಎಯ ಕಟ್ಟು, ಕ್ರೋಮೋಸೋಮ್), ನಮಗೆ 46. ಎರಡು ಸೇರಿ ಒಂದಾಗಿ ನಮ್ಮ ಎರಡನೇ ವರ್ಣತಂತು ಆಗಿದೆ. ಅದು ಹೇಗೆ ಸಾಧ್ಯ ಅಂದರೆ ಎಮ್ಮೆ ನೋಡಲಿ. ನಮ್ಮ ಪಂಢರಪುರಿ, ಮುರ್ರಾ ಎಮ್ಮೆಗೆ 50, ಆಗ್ನೇಯ ಏಷ್ಯಾದ ಕೆಸರೆಮ್ಮೆಗೆ 48. ಅಲ್ಲೂ ಎರಡು ಸೇರಿ ಒಂದಾದದ್ದೇ. ಎರಡನ್ನೂ ಕೂಡಿಸಿದರೆ ಕರು ಆಗುತ್ತದೆ, ಹಾಲೂ ಕೊಡುತ್ತದೆ.

ದಶಾವತಾರದ ರಾಜಿಗೆ ಬರೋಣ. ಮಾಸ್ತರರ ಉದ್ದೇಶ ಒಳ್ಳೆಯದು, ಆದರೆ ನನಗದು ಇಷ್ಟವಿಲ್ಲ. ನೀವು ನೋಡಿ ಬಂದ ಮೂರನೇ ಗುಹೆ ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದು. ಅಲ್ಲಿ ವರಾಹ ಇದೆ, ನರಸಿಂಹ ಇದೆ, ತ್ರಿವಿಕ್ರಮ ಇದೆ. ಕೆತ್ತಿದವನು ಹಂದಿಯಿಂದ ಸಿಂಹ, ಸಿಂಹದಿಂದ ಮನುಷ್ಯ ಬಂದ ಎಂದು ಹೇಳುತ್ತಿರಲಿಲ್ಲ. ಒಬ್ಬನೇ ದೇವರು ಕಷ್ಟಕಾಲಕ್ಕೆ ತಾಳಿದ ರೂಪ ಅದು. ಇತ್ತ ವಿಕಾಸವೂ ಏಣಿಯಲ್ಲ. ಹಂದಿ ನಮ್ಮ ಅಜ್ಜನಲ್ಲ, ಆಮೆಯೂ ಅಲ್ಲ, ಅವೂ ನಮ್ಮ ಹಾಗೇ ಇವತ್ತಿನ ಟೊಂಗೆಗಳು. ಈ ರಾಜಿಯಲ್ಲಿ ಪುರಾಣಕ್ಕೂ ಮರ್ಯಾದೆ ಇಲ್ಲ, ಜೀವಶಾಸ್ತ್ರಕ್ಕೂ ಇಲ್ಲ.

ಅಸಲಿಗೆ ಈ ಜಗಳವೇ ನಮ್ಮದಲ್ಲ, ಕಡ ತಂದದ್ದು. ಐರ್ಲೆಂಡಿನ ಆರ್ಚ್‌ಬಿಷಪ್ ಉಷರ್ ಬೈಬಲ್ಲಿನ ವಂಶಾವಳಿ ಕೂಡಿಸಿ, ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು 1650ರಲ್ಲಿ ಬರೆದ. ಲೋಕಕ್ಕೆ ಬರೀ ಆರು ಸಾವಿರ ವರ್ಷ ಅಂದಮೇಲೆ ವಿಕಾಸಕ್ಕೆ ಸಮಯ ಎಲ್ಲಿ? ಬೈಬಲ್ಲಿನ ಸೃಷ್ಟಿಕಥೆಯೇ ಸರಿ ಎಂಬ ಹಟದಿಂದ ಅಮೆರಿಕದ ಟೆನೆಸಿಯಲ್ಲಿ 1925ರಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ, ಮನುಷ್ಯನ ವಿಕಾಸದ ಪಾಠ ಮಾಡಿದ ತಪ್ಪಿಗೆ, 100 ಡಾಲರ್ ದಂಡ ಹಾಕಿದರು. ಮೇಲಿನ ಕೋರ್ಟಿನಲ್ಲಿ ಶಿಕ್ಷೆ ರದ್ದಾಯಿತು, ಕಾನೂನು ಮಾತ್ರ 1967ರವರೆಗೂ ಇತ್ತು. ನಮ್ಮ ಪೂಜಾರಿ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪ ಅಂತಾರಲ್ಲ, ಒಂದು ಕಲ್ಪ ಅಂದರೆ 432 ಕೋಟಿ ವರ್ಷ. ಸಮಯಕ್ಕೆ ನಮ್ಮಲ್ಲಿ ಬರಗಾಲ ಇಲ್ಲ. ಕಲ್ಲಿನಲ್ಲಿರುವ ಸೀಸವನ್ನು ಅಳೆದು ವಿಜ್ಞಾನಿಗಳು ಭೂಮಿಗೆ 454 ಕೋಟಿ ವರ್ಷ ಅಂತಾರೆ. ಎರಡೂ ಹತ್ತಿರ ಬಂದವು ಎಂದು ಕುಣಿಯಬೇಡಿ, ಅದು ಕಾಕತಾಳೀಯ. ಆದರೆ ಕೋಟಿಗಟ್ಟಲೆ ವರ್ಷ ಎಂದರೆ ನಿಮ್ಮ ಮಾವನವರಿಗೆ ತಲೆ ತಿರುಗುವುದಿಲ್ಲ, ಅದು ಲಾಭ.

ಕಲ್ಲಿನ ಸಾಕ್ಷಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಲೋಕಾಪುರದ ಕಡೆಯ ಸುಣ್ಣಕಲ್ಲಿನಲ್ಲಿ ಒಂದರ ಮೇಲೊಂದು ಪದರು ಪದರಾದ ಗುರುತು ಕಾಣುತ್ತವೆ. ಕಣ್ಣಿಗೆ ಕಾಣದ ಜೀವಿಗಳು ಆಗಿನ ಸಮುದ್ರದ ದಡದಲ್ಲಿ ಪಾಚಿಯ ಹಾಗೆ ಹಬ್ಬಿ ಬಿಟ್ಟುಹೋದದ್ದು. ನೂರು ಕೋಟಿ ವರ್ಷಕ್ಕೂ ಹಳೆಯವು. ಆ ಕಲ್ಲಿನಲ್ಲಿ ಎಲುಬಿಲ್ಲ, ಚಿಪ್ಪಿಲ್ಲ, ಅಂಥ ಪ್ರಾಣಿಗಳು ಆಗಿನ್ನೂ ಬಂದಿರಲಿಲ್ಲ. ಅಲ್ಲಿ ಒಂದೇ ಒಂದು ಮೊಲದ ಎಲುಬು ಸಿಕ್ಕರೆ ಡಾರ್ವಿನ್ ಸೋತ ಹಾಗೆ. ಮುಧೋಳ ನಾಯಿ ಬಿಟ್ಟು ಹುಡುಕಿಸಿದರೂ ಸಿಗುವುದಿಲ್ಲ.

ಈಗ ಮನೆಯ ಮಾತು. ಮಗ ವಾದ ಮಾಡಿ ಅಜ್ಜನನ್ನು ಗೆಲ್ಲಬಹುದು. ಗೆದ್ದರೆ ಊಟದ ಪಂಕ್ತಿ ಖಾಯಂ ಎರಡಾಗುತ್ತದೆ. ವಯಸ್ಸಾದವರು ಸೋತ ವಾದವನ್ನು ಮರೆಯುವುದಿಲ್ಲ, ನನ್ನನ್ನೇ ನೋಡಿ ಹೇಳುತ್ತಿದ್ದೇನೆ. ಪರೀಕ್ಷೆಗೆ ಬರೆದು ಮನೆಯಲ್ಲಿ ಸುಮ್ಮನಿರು ಅಂದರೆ ಜಗಳ ನಿಲ್ಲುತ್ತದೆ, ಆದರೆ ಓದಿದ್ದು ಬೇರೆ, ನಂಬಿದ್ದು ಬೇರೆ ಎಂಬ ಚಟ ಹತ್ತುತ್ತದೆ. ನಾಳೆ ಅವನು ಡಾಕ್ಟರಾಗಿ, ಶೀತಕ್ಕೂ ಆಂಟಿಬಯೋಟಿಕ್ ಬರೆದುಕೊಟ್ಟರೆ ನನ್ನ ಜಂತಿನ ಕಥೆಯೇ ಮನುಷ್ಯರಲ್ಲಿ ನಡೆಯುತ್ತದೆ. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆದರು. ನನಗೆ ಕೇಳಿದರೆ ಅದು ತಪ್ಪು ನಿರ್ಧಾರ. ಮುಂದೆ ವಿಜ್ಞಾನ ತೆಗೆದುಕೊಳ್ಳದ ಕುರಿಗಾರನ ಮಗನಿಗೇ ಅದು ಜಾಸ್ತಿ ಬೇಕಾಗಿತ್ತು.

ದೇವರೇ ವಿಕಾಸದ ದಾರಿ ಹಾಕಿದ ಎಂದು ನಂಬುವವರೂ ಇದ್ದಾರೆ. ತಳಿಶಾಸ್ತ್ರದ ದೊಡ್ಡ ವಿಜ್ಞಾನಿ ಡೊಬ್ಜಾನ್‌ಸ್ಕಿ ಹಾಗೆ ನಂಬಿದ್ದರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ವಿಕಾಸವಾದ ಬರೀ ಊಹೆಯಲ್ಲ ಅಂದರು. ಡಾರ್ವಿನ್ನನ್ನು ಹೂಳಿರುವುದೂ ಲಂಡನ್ನಿನ ದೊಡ್ಡ ಚರ್ಚಿನೊಳಗೇ. ಈ ದಾರಿಯಲ್ಲಿ ಒಂದು ಅಪಾಯ ಇದೆ. ತಿಳಿಯದ ಕಡೆಯಲ್ಲೆಲ್ಲ ದೇವರನ್ನು ತುಂಬುತ್ತಾ ಹೋದರೆ, ನಾಳೆ ತಿಳಿದಾಗ ದೇವರನ್ನು ಅಲ್ಲಿಂದ ಎಬ್ಬಿಸಬೇಕಾಗುತ್ತದೆ. ದೇವರಿದ್ದಾನೋ ಇಲ್ಲವೋ ಎಂಬುದನ್ನು ನನ್ನ ಮೈಕ್ರೋಸ್ಕೋಪು ಹೇಳುವುದಿಲ್ಲ. ನಾನು ಪ್ರತಿ ವರ್ಷ ಬನದ ಹುಣ್ಣಿಮೆಗೆ ಬನಶಂಕರಿ ತೇರಿಗೆ ಹೋಗುತ್ತೇನೆ, ಉತ್ತತ್ತಿ ಎಸೆಯುತ್ತೇನೆ, ಬಂದು ಹಿಕ್ಕೆಯಲ್ಲಿ ಮೊಟ್ಟೆ ಎಣಿಸುತ್ತೇನೆ. ಮಗ ದೇವರನ್ನು ಬಿಡುತ್ತಾನೋ ಇಲ್ಲವೋ ನಾನು ಹೇಳಲಾರೆ. ಬಿಡುವವರು ಡಾರ್ವಿನ್ನನ್ನು ಓದದೆಯೂ ಬಿಡುತ್ತಾರೆ.

ನಾನಾದರೆ ಇಷ್ಟು ಮಾಡುತ್ತೇನೆ. ಮೊದಲು ಮಗ ಅಜ್ಜನ ಹತ್ತಿರ ತಪ್ಪಾಯಿತು ಅನ್ನಲಿ. ಡಾರ್ವಿನ್ನಿಗಾಗಿ ಅಲ್ಲ, ಚಸ್ಮಾ ಕಳೆದುಕೊಂಡವರನ್ನು ನೋಡಿ ನಕ್ಕಿದ್ದಕ್ಕೆ. ಹೊಸ ಚಸ್ಮಾ ಮಾಡಿಸಲು ಅವನೇ ಕರೆದುಕೊಂಡು ಹೋಗಲಿ. ಆಮೇಲೆ ಸಂಜೆ ಮಗ್ಗ ನಿಲ್ಲಿಸಿದ ಹೊತ್ತಿಗೆ ಇಬ್ಬರೂ ಕೂತು ಒಂದು ಆಟ ಆಡಲಿ. ಹೆಬ್ಬೆರಳ ತುದಿಯನ್ನು ಕಿರುಬೆರಳಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸಬೇಕು. ಮಣಿಕಟ್ಟಿನ ನಡುವೆ ಹುರಿಯ ಹಾಗೆ ಒಂದು ದಾರ ಎದ್ದು ಕಾಣುತ್ತದೆ. ಟೊಂಗೆ ಹಿಡಿದು ಜೋತಾಡುವ ಮಂಗಕ್ಕೆ ಅದು ಬೇಕು. ನಮಗೆ ಬೇಕಿಲ್ಲ. ಆಪರೇಷನ್ನಿನಲ್ಲಿ ಬೇರೆ ಕಡೆ ಜೋಡಿಸಲು ಡಾಕ್ಟರು ಇದನ್ನು ತೆಗೆದುಕೊಳ್ಳುತ್ತಾರೆ, ಕೈಯ ಹಿಡಿತ ಕಮ್ಮಿಯಾಗುವುದಿಲ್ಲ. ಜಗತ್ತಿನಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಒಂದು ಕೈಯಲ್ಲೋ ಎರಡರಲ್ಲೋ ಅದು ಇರುವುದೇ ಇಲ್ಲ, ನಾಡಿನಿಂದ ನಾಡಿಗೆ ಲೆಕ್ಕ ಬದಲಾಗುತ್ತದೆ. ಅದು ಇಲ್ಲದವರೂ ಎಲ್ಲರ ಹಾಗೇ ಲಾಳಿ ಎಸೆಯುತ್ತಾರೆ.

ಅಜ್ಜನ ಕೈಯಲ್ಲಿ ಇದ್ದು ಮೊಮ್ಮಗನ ಕೈಯಲ್ಲಿ ಇಲ್ಲದಿದ್ದರೆ ಮಂಗನಿಗೆ ಹತ್ತಿರ ಯಾರು ಎಂದು ಮತ್ತೆ ಜಗಳ ಹತ್ತೀತು, ಹುಷಾರು. ಯಾರಿಗೆ ಇದೆ, ಯಾರಿಗೆ ಇಲ್ಲ, ನನಗೆ ಬರೆದು ತಿಳಿಸಿ. ನನಗೆ ಎಡಗೈಯಲ್ಲಿ ಇಲ್ಲ.